ಬೆಲ್ಲದ ಪಾಕದ ಪ್ರವಾಹದಲ್ಲಿ 21 ಜನ ಸತ್ತರಂತೆ. ನಿಜಾನಾ, ಬುರುಡೆನಾ?

ಕಾಫಿಪುಡಿ ಕೇಳಿದ್ದು:

ನಮ್ಮ ಆಫೀಸಿನಲ್ಲಿ ಶುಕ್ರವಾರ ಊಟದ ಹೊತ್ತಿಗೆ ಒಂದು ಆಟ ಇದೆ. ಒಬ್ಬರು ಇತಿಹಾಸದ ಯಾವುದಾದರೂ ವಿಚಿತ್ರ ಕತೆ ಹೇಳಬೇಕು. ಉಳಿದವರು ಅದು ನಿಜವೋ ಬುರುಡೆಯೋ ಅಂತ ಹೇಳಬೇಕು. ತಪ್ಪು ಹೇಳಿದವರು ಕತೆ ಹೇಳಿದವರಿಗೆ ಮಸಾಲೆ ದೋಸೆ ಕೊಡಿಸಬೇಕು.

ಹೋದ ವಾರ ನಮ್ಮ ಅಕೌಂಟ್ಸ್ ವಿಭಾಗದವರು, ಆಸ್ಟ್ರೇಲಿಯಾದ ಸೈನಿಕರು ಮೆಷಿನ್ ಗನ್ ಹಿಡಿದು ಎಮು ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಗಿ ಕೈಸೋತು ವಾಪಸ್ ಬಂದರು ಅಂದರು. ನಾನು ಬುರುಡೆ ಅಂದೆ. ನೋಡಿದರೆ 1932ರಲ್ಲಿ ನಿಜವಾಗಿಯೂ ನಡೆದಿದೆ. ನನ್ನ ದೋಸೆ ಹೋಯಿತು.

ಈ ವಾರವೂ ಅವರದೇ ಸರದಿ ಇತ್ತು. ಅಮೆರಿಕದ ಬಾಸ್ಟನ್ ಊರಲ್ಲಿ ಒಂದು ದೊಡ್ಡ ಟ್ಯಾಂಕ್ ಒಡೆದು ಬೆಲ್ಲದ ಪಾಕ ಬೀದಿಗೆ ನುಗ್ಗಿತಂತೆ. ಮನೆಗಳು ಬಿದ್ದವಂತೆ, 21 ಜನ ಸತ್ತರಂತೆ. ನಾನು ಮತ್ತೆ ಬುರುಡೆ ಅಂದೆ. ಯಾಕೆ ಅಂದರೆ, ಪಾಕ ಎಲ್ಲಾದರೂ ಓಡುತ್ತಾ? ಚಿಕ್ಕವಳಿದ್ದಾಗ ಅಜ್ಜಿ ಊರಿನ ಆಲೆಮನೆಯಲ್ಲಿ ನೋಡಿದ್ದೇನೆ. ಎಲೆಯ ಮೇಲೆ ಬಿಟ್ಟರೆ ಅದು ಅಂಚಿಗೆ ಬರುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿದು ಬೆರಳು ಇಟ್ಟುಬಿಡುತ್ತಿದ್ದೆವು. ಅದೂ ಜನವರಿ ಚಳಿಯಲ್ಲಿ ಅಂತೆ. ಚಳಿಗೆ ಇನ್ನೂ ಗಟ್ಟಿ ಆಗಬೇಕಲ್ವಾ? ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಆಯಿತು. ಸಾಯೋದು ಹೇಗೆ?

ಫೋನಿನಲ್ಲಿ ಹುಡುಕಿದೆ. ಒಂದು ಕಡೆ ಅಲೆ 15 ಅಡಿ ಅಂತ ಇದೆ, ಇನ್ನೊಂದು ಕಡೆ 40 ಅಡಿ. ಇಂಥದ್ದು ನೋಡಿದರೆ ನನಗೆ ಅನುಮಾನ ಇನ್ನೂ ಜಾಸ್ತಿ. ಗೊತ್ತಿದ್ದವರು ಹೇಳಿ. ಶುಕ್ರವಾರದ ಒಳಗೆ ಬೇಕು, ದೋಸೆಯ ಪ್ರಶ್ನೆ.

ಹಳೇಮಿಲ್ಲು ಬರೆದದ್ದು:

ಕಾಫಿಪುಡಿಯವರೇ, ದೋಸೆ ದುಡ್ಡು ತೆಗೆದಿಡಿ. ಕತೆ ನಿಜ.

ಮೊದಲು ಒಂದು ತಿದ್ದುಪಡಿ. ಅದು ಪಾಕ ಅಲ್ಲ, ಕಾಕಂಬಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯೋದು ಪಾಕ. ಅದರಲ್ಲಿ ಸಿಹಿಯೆಲ್ಲ ಒಳಗೇ ಇರುತ್ತದೆ, ಆರಿದರೆ ಬೆಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಹಾಗಲ್ಲ. ಕಬ್ಬಿನ ಹಾಲನ್ನು ಕಾಯಿಸಿ, ಹರಳು ಕಟ್ಟಿಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ ಸಕ್ಕರೆಯನ್ನು ಬೇರೆ ಮಾಡುತ್ತಾರೆ. ಇನ್ನು ಸಕ್ಕರೆ ಬಿಡೋದಿಲ್ಲ ಅನ್ನುವ ಹಂತಕ್ಕೆ ಬಂದಾಗ ಉಳಿಯುವ ಕಪ್ಪು ಅಂಟು ಇದೆಯಲ್ಲ, ಅದು ಕಾಕಂಬಿ. ಹೆಚ್ಚಿನ ಪಾಲು ಡಿಸ್ಟಿಲರಿಗೆ ಹೋಗುತ್ತದೆ. ಸ್ವಲ್ಪ ದನದ ಮೇವಿಗೂ ಹೋಗುತ್ತದೆ.

ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ 19 ವರ್ಷ ಕಾಕಂಬಿ ಟ್ಯಾಂಕುಗಳ ಮಗ್ಗುಲಲ್ಲೇ ಕಳೆದವು. ಈ ಬಾಸ್ಟನ್ ವಿಷಯ ಎತ್ತಿದರೆ ಎಲ್ಲರೂ ನಗುತ್ತಾರೆ. ನನಗೆ ಮೊದಲ ಸಲ ಓದಿದಾಗಲೂ ನಗು ಬರಲಿಲ್ಲ.

1919ನೇ ಇಸವಿ, ಜನವರಿ 15, ಬುಧವಾರ. ನಮ್ಮಲ್ಲಿ ಸಂಕ್ರಾಂತಿ ಆಸುಪಾಸಿನ ಕಬ್ಬಿನ ಕಾಲ. ಬಾಸ್ಟನ್ನಿನ ನಾರ್ತ್ ಎಂಡ್ ಅನ್ನುವ ಬಡಾವಣೆ, ಕಮರ್ಷಿಯಲ್ ಸ್ಟ್ರೀಟ್ ಅನ್ನುವ ಬೀದಿ, ಪಕ್ಕದಲ್ಲೇ ಬಂದರು. ಇಟಲಿಯಿಂದ ವಲಸೆ ಬಂದ ಬಡವರೇ ಅಲ್ಲಿ ಜಾಸ್ತಿ. ಅವರ ಮನೆಗಳ ನಡುವೆ ಎದ್ದು ನಿಂತಿತ್ತು ಒಂದು ಉಕ್ಕಿನ ಟ್ಯಾಂಕ್. 50 ಅಡಿ ಎತ್ತರ, 90 ಅಡಿ ಅಗಲ. ಅಷ್ಟು ದೊಡ್ಡದನ್ನು ಮನೆಗಳ ಮಧ್ಯೆ ಕಟ್ಟುವಾಗ ಯಾರೂ ತಡೆಯಲಿಲ್ಲ. ಓಟಿಲ್ಲದ ಜನರ ಬೀದಿಯಲ್ಲಿ ಯಾರು ತಡೆಯುತ್ತಾರೆ ಹೇಳಿ.

ಅವತ್ತು ಅದರಲ್ಲಿ 23 ಲಕ್ಷ ಗ್ಯಾಲನ್ ಕಾಕಂಬಿ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು 87 ಲಕ್ಷ ಲೀಟರ್. ಈಗ ಗಮನಿಸಿ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಕಾಕಂಬಿ ಹತ್ತಿರ ಹತ್ತಿರ 1 ಕಿಲೋ 400 ಗ್ರಾಂ ತೂಗುತ್ತದೆ. ಅಂದರೆ ಒಟ್ಟು 12,000 ಟನ್ನಿನ ಮೇಲೆ. ನಮ್ಮ ಗೇಟಿಗೆ ಬರುತ್ತಿದ್ದ 20 ಟನ್ನಿನ ಟ್ಯಾಂಕರ್ ಲಾರಿ ಲೆಕ್ಕದಲ್ಲಿ 600 ಲಾರಿ. ಸಾಲಾಗಿ ನಿಲ್ಲಿಸಿದರೆ ಆರೇಳು ಕಿಲೋಮೀಟರ್.

ಇಷ್ಟು ಕಾಕಂಬಿ ಅವರಿಗೆ ಯಾಕೆ ಬೇಕಿತ್ತು? ಕ್ಯೂಬಾ, ಪೋರ್ಟೋ ರಿಕೋ ಕಡೆಯಿಂದ ಹಡಗಿನಲ್ಲಿ ತಂದು, ಟ್ಯಾಂಕಿನಲ್ಲಿ ಇಟ್ಟು, ಅಲ್ಲಿಂದ ರೈಲಿನಲ್ಲಿ ಡಿಸ್ಟಿಲರಿಗೆ ಕಳಿಸುತ್ತಿದ್ದರು. ಬರುತ್ತಿದ್ದದ್ದು ಕುಡಿಯುವ ಮದ್ಯ ಅಷ್ಟೇ ಅಲ್ಲ, ಮುಖ್ಯವಾಗಿ ಕೈಗಾರಿಕೆಯ ಆಲ್ಕೋಹಾಲ್. ಮೊದಲ ಮಹಾಯುದ್ಧದ ಮದ್ದುಗುಂಡಿಗೆ ಅದು ಬೇಕಿತ್ತು. ಟ್ಯಾಂಕ್ ಕಟ್ಟಿದ್ದು 1915ರಲ್ಲಿ, ಯುದ್ಧದ ಬೇಡಿಕೆ ಏರುತ್ತಿದ್ದ ಕಾಲದಲ್ಲಿ. ಹಾಗಾಗಿ ಅವಸರವೋ ಅವಸರ.

ನನ್ನ ಕಣ್ಣು ನಿಂತದ್ದು ಇಲ್ಲೇ. ಕಟ್ಟಡದ ಉಸ್ತುವಾರಿ ವಹಿಸಿದ್ದ ಆರ್ಥರ್ ಜೆಲ್ ಅನ್ನುವವನು ಎಂಜಿನಿಯರ್ ಅಲ್ಲ, ಲೆಕ್ಕಪತ್ರದ ಮನುಷ್ಯ. ನಕ್ಷೆ ಓದಲು ಬರುತ್ತಿರಲಿಲ್ಲ. ಹೊಸ ಟ್ಯಾಂಕ್ ಕಟ್ಟಿದರೆ ಮೊದಲು ಪೂರ್ತಿ ನೀರು ತುಂಬಿಸಿ ನೋಡಬೇಕು. ಇದು ನಮ್ಮ ಹೆಲ್ಪರ್ ಹುಡುಗರಿಗೂ ಗೊತ್ತು. ನೀರಿಗೆ ಸೋರದಿದ್ದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಯಾಕೆಂದರೆ ಕಾಕಂಬಿ ನೀರಿಗಿಂತ ಒಂದೂವರೆಪಟ್ಟು ಹತ್ತಿರ ಭಾರ. ಇವರು ಎಷ್ಟು ತುಂಬಿಸಿ ನೋಡಿದರು ಗೊತ್ತಾ? 50 ಅಡಿ ಟ್ಯಾಂಕಿಗೆ 6 ಇಂಚು ನೀರು. ಆರು ಇಂಚು! ನಮ್ಮ ಮನೆಯ ಬಕೆಟ್ಟಿಗೂ ಅದಕ್ಕಿಂತ ಜಾಸ್ತಿ ಹಾಕಿ ನೋಡುತ್ತೇವೆ. ಕಾಕಂಬಿ ಹಡಗು ಬರುವ ದಿನ ಹತ್ತಿರ ಬಂದಿತ್ತು, ಪೂರ್ತಿ ತುಂಬಿಸಲು ಹೊತ್ತಿಲ್ಲ ಅಂತ.

ಮೊದಲ ದಿನದಿಂದ ಸೋರಿತು. ರಿವೆಟ್ ಜೋಡಣೆಗಳ ಸಂದಿನಿಂದ ಕಾಕಂಬಿ ಒಸರುತ್ತಿತ್ತು. ಬೀದಿಯ ಮಕ್ಕಳು ಡಬ್ಬಿ ಹಿಡಿದು ಬಂದು ತುಂಬಿಕೊಂಡು ಹೋಗುತ್ತಿದ್ದರು. ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಮೇಲಿನವರಿಗೆ ಹೋಗಿ ಹೇಳಿದ. ಅವರು ಮಾಡಿದ್ದು ಏನು? ಟ್ಯಾಂಕಿಗೆ ಕಂದು ಬಣ್ಣ ಬಳಿಸಿದರು. ಕಾಕಂಬಿ ಬಣ್ಣಕ್ಕೆ ಟ್ಯಾಂಕಿನ ಬಣ್ಣ. ಸೋರಿದ್ದು ಕಾಣಬಾರದು ಅಂತ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮೇಸ್ತ್ರಿ ಒಬ್ಬರಿದ್ದರು. ದಿನಾ ಬೆಳಿಗ್ಗೆ ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ಎಲ್ಲಿ ಒಸರುತ್ತದೋ ಅಲ್ಲಿ ಗುಂಡಗೆ ಗೀರಿ ತಾರೀಖು ಬರೆಯುತ್ತಿದ್ದರು. ನಾಳೆ ಗೀಟಿನ ಆಚೆಗೆ ಹೋಗಿದೆಯಾ ನೋಡಬೇಕಲ್ಲ. ಒಂದು ಸಲ ಪೇಂಟಿಂಗ್ ಕಾಂಟ್ರಾಕ್ಟರ್ ಬಂದು ಸೀಮೆಸುಣ್ಣದ ಗುರುತಿನ ಮೇಲೆ ಬಣ್ಣ ಹೊಡೆದುಬಿಟ್ಟ. ಆ ಮನುಷ್ಯ ಅವತ್ತು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬಾಸ್ಟನ್ನಿನ ಕಂದು ಬಣ್ಣದ ಸಂಗತಿ ಓದಿದಾಗ ನನಗೆ ಅವರೇ ಕಣ್ಣ ಮುಂದೆ ಬಂದರು.

ಈಗ ನಿಮ್ಮ ಪ್ರಶ್ನೆ. ಓಡುತ್ತಾ? ಎಲೆಯ ಮೇಲೆ ಬಿಟ್ಟ ಪಾಕ ಓಡಲ್ಲ, ಸರಿ. ಎಲೆಯ ಮೇಲೆ ಅದರ ದಪ್ಪ ಎಷ್ಟು, ಒಂದು ಬೆರಳು. ಇಲ್ಲಿ 50 ಅಡಿ ಎತ್ತರದ, 12,000 ಟನ್ ತೂಕದ ಕಂಬ. ಸುತ್ತಲಿನ ಗೋಡೆ ಒಂದೇ ಕ್ಷಣಕ್ಕೆ ಮಾಯ. ಅದು ಹರಿಯೋದಲ್ಲ, ಬೀಳೋದು. ಆ ಭಾರದ ಮುಂದೆ ಅಂಟು ಲೆಕ್ಕಕ್ಕೇ ಬರಲ್ಲ. ಮೊದಲ ಅಲೆ ಸುಮಾರು 25 ಅಡಿ ಎತ್ತರ, ಗಂಟೆಗೆ 56 ಕಿಲೋಮೀಟರ್ ವೇಗ ಅಂತ ಅಂದಾಜು. ಅಡಿಯ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳಿದ್ದು ತಪ್ಪೇನಲ್ಲ ಬಿಡಿ. ಟ್ಯಾಂಕಿನ ಬುಡದಲ್ಲಿದ್ದವನು ಕಂಡ ಎತ್ತರ ಬೇರೆ, ಮುಂದಿನ ತಿರುವಿನಲ್ಲಿದ್ದವನು ಕಂಡ ಎತ್ತರ ಬೇರೆ. ಅಳತೆಪಟ್ಟಿ ಹಿಡಿದು ಯಾರು ನಿಂತಿದ್ದರು?

ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು, ಊಟದ ಹೊತ್ತು. ರಿವೆಟ್‌ಗಳು ಕಿತ್ತು ಹಾರಿದ ಸದ್ದು ಮೆಷಿನ್ ಗನ್ ಹಾಗೆ ಕೇಳಿಸಿತಂತೆ. ಫೈರ್ ಸ್ಟೇಷನ್ ಕಟ್ಟಡವೇ ತಳಪಾಯ ಬಿಟ್ಟು ಸರಿಯಿತು. ಒಳಗೆ ಸಿಕ್ಕಿಬಿದ್ದ ಒಬ್ಬ ಅಗ್ನಿಶಾಮಕದವನು ಗಂಟೆಗಟ್ಟಲೆ ತಲೆ ಎತ್ತಿ ಹಿಡಿದುಕೊಂಡಿದ್ದು, ಕೊನೆಗೆ ಕುತ್ತಿಗೆ ಸೋತು ಮುಳುಗಿದ. ಬೀದಿಯ ಮೇಲೆ ಕಂಬಗಳ ಮೇಲೆ ಓಡುತ್ತಿದ್ದ ರೈಲಿನ ಉಕ್ಕಿನ ತೊಲೆಗಳು ಬಾಗಿದವು. ಆಗತಾನೇ ದಾಟಿ ಹೋಗಿದ್ದ ರೈಲಿನ ಸಿಬ್ಬಂದಿಯೊಬ್ಬ ಓಡಿ ಬಂದು ಹಿಂದಿನ ರೈಲನ್ನು ನಿಲ್ಲಿಸಿದ, ಇಲ್ಲದಿದ್ದರೆ ಅದೂ ಕೆಳಗೆ. ಸತ್ತವರಲ್ಲಿ ಹತ್ತು ವರ್ಷದ ಮಕ್ಕಳೂ ಇದ್ದರು, ಟ್ಯಾಂಕಿನ ಹತ್ತಿರ ಸೌದೆ ಆರಿಸಲು ಬಂದವರು.

ಚಳಿಯ ಮಾತು ಕೇಳಿದಿರಲ್ಲ. ಬಹಳ ಸರಿಯಾದ ಪ್ರಶ್ನೆ. ಎರಡು ದಿನ ಹಿಂದಷ್ಟೇ ಹಡಗಿನಿಂದ ಹೊಸ ಸರಕು ಬಂದಿತ್ತು. ಪಂಪಿನಲ್ಲಿ ಹರಿಯಲಿ ಅಂತ ಅದನ್ನು ಬೆಚ್ಚಗೆ ಮಾಡಿರುತ್ತಾರೆ. ಹಾಗಾಗಿ ಟ್ಯಾಂಕಿನ ಒಳಗಿದ್ದದ್ದು ಹೊರಗಿನ ಗಾಳಿಗಿಂತ ಬೆಚ್ಚಗಿತ್ತು, ಸಲೀಸಾಗಿ ನುಗ್ಗಿತು. ನುಗ್ಗಿದ ಮೇಲೆ ಬೀದಿಯಲ್ಲಿ ತೆಳ್ಳಗೆ ಹರಡಿ ತಣ್ಣಗಾಯಿತು. ತಣ್ಣಗಾದಂತೆ ಗಟ್ಟಿಯಾಯಿತು. ಓಡುವ ತನಕ ನೀರಿನ ಹಾಗೆ, ಹಿಡಿದ ಮೇಲೆ ಅರಗಿನ ಹಾಗೆ. ನೀರಿನಲ್ಲಿ ಬಿದ್ದವನು ಕೈಕಾಲು ಬಡಿದು ತೇಲಬಹುದು. ಕಾಕಂಬಿಯಲ್ಲಿ ಬಡಿದಷ್ಟೂ ಸಿಕ್ಕಿಕೊಳ್ಳುತ್ತಾನೆ.

ಇದು ಓದಿದ್ದಲ್ಲ, ನೋಡಿದ್ದು ಹೇಳುತ್ತೇನೆ. ನಮ್ಮಲ್ಲಿ ಒಂದು ಸಲ ಲೋಡಿಂಗ್ ಪೈಪಿನ ವಾಲ್ವ್ ಕಿತ್ತುಕೊಂಡು ಅಂಗಳದಲ್ಲಿ ಮೊಣಕಾಲುದ್ದ ಕಾಕಂಬಿ ನಿಂತಿತು. ವಾಲ್ವ್ ತಿರುಗಿಸಲು ನಾನೇ ಇಳಿದೆ. ಎಂಟು ಹೆಜ್ಜೆ ಅಷ್ಟೇ ದೂರ. ಮೂರನೇ ಹೆಜ್ಜೆಗೆ ಒಂದು ಬೂಟು ಹೋಯಿತು, ಐದಕ್ಕೆ ಇನ್ನೊಂದು. ಕಾಲು ಎತ್ತಿದರೆ ಕೆಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ. ಹಗ್ಗ ಹಾಕಿ ನನ್ನನ್ನು ಎಳೆದರು. ಮೊಣಕಾಲುದ್ದಕ್ಕೇ ಆ ಪಾಡು.

ಗೊಂಬೆಚಾವಡಿ ಬರೆದದ್ದು:

ಸಾರ್, ನಾನು ಎಲ್ಲೋ ಓದಿದ್ದು ಬೇರೆ ಥರ ಇದೆ. ಕಾಕಂಬಿ ಒಳಗೇ ಹುಳಿ ಬಂದು ಗ್ಯಾಸ್ ಕಟ್ಟಿ ಟ್ಯಾಂಕ್ ಸ್ಫೋಟ ಆಯಿತು ಅಂತ. ಕಂಪನಿಯವರು ಬಾಂಬ್ ಅಂದಿದ್ದರು ಅಂತಲೂ ಇತ್ತು. ಯಾವುದು ಸರಿ?

ಹಳೇಮಿಲ್ಲು ಬರೆದದ್ದು:

ಗ್ಯಾಸಿನ ಮಾತು ಹೇಳುವವರು ಇದ್ದಾರೆ. ಆದರೆ ನನ್ನ ಅನುಭವ ಹೇಳುತ್ತೇನೆ. ಗಟ್ಟಿ ಕಾಕಂಬಿ ಸುಲಭಕ್ಕೆ ಹುಳಿಯೋದಿಲ್ಲ. ಡಿಸ್ಟಿಲರಿಯಲ್ಲಿ ಅದಕ್ಕೆ ನೀರು ಬೆರೆಸಿ ಚೆನ್ನಾಗಿ ತೆಳ್ಳಗೆ ಮಾಡಿ, ಆಮೇಲೆ ಯೀಸ್ಟ್ ಹಾಕಬೇಕು. ಉಪ್ಪಿನಕಾಯಿ ಕೆಡದ ಹಾಗೆ, ಜೇನುತುಪ್ಪ ಕೆಡದ ಹಾಗೆ. ಟ್ಯಾಂಕ್ ಒಡೆಯಲು ಗ್ಯಾಸ್ ಬೇಕೇ ಆಗಿರಲಿಲ್ಲ. 50 ಅಡಿ ಕಾಕಂಬಿ ಅಂದರೆ ಬುಡದಲ್ಲಿ 70 ಅಡಿ ನೀರಿನ ಒತ್ತಡ. ಬುಡದ ಉಕ್ಕಿನ ದಪ್ಪ ಇರಬೇಕಾದ್ದರಲ್ಲಿ ಅರ್ಧದಷ್ಟೇ ಇತ್ತು ಅಂತ ಈಚಿನ ಎಂಜಿನಿಯರುಗಳು ಲೆಕ್ಕ ಹಾಕಿದ್ದಾರೆ. ಆ ಕಾಲದ ಉಕ್ಕಿನಲ್ಲಿ ಮ್ಯಾಂಗನೀಸ್ ಕಮ್ಮಿ. ಚಳಿಗೆ ಅಂಥ ಉಕ್ಕು ಬಾಗೋದಿಲ್ಲ, ಗಾಜಿನ ಹಾಗೆ ಸೀಳುತ್ತದೆ. ಇಷ್ಟೆಲ್ಲ ಇದ್ದ ಮೇಲೆ ಗ್ಯಾಸಿಗೆ ಯಾಕೆ ಕೆಟ್ಟ ಹೆಸರು?

ನಮ್ಮಲ್ಲಿ ಕತೆ ಉಲ್ಟಾ ನೋಡಿ. ಮಂಡ್ಯದಲ್ಲಿ ಚಳಿ ನಮಗೆ ಶತ್ರು ಅಲ್ಲ, ಏಪ್ರಿಲ್-ಮೇ ಶತ್ರು. ಬಿಸಿಲಿಗೆ ಟ್ಯಾಂಕಿನ ಒಳಗಿನ ಕಾಕಂಬಿ ತಾನೇ ತಾನಾಗಿ ಕಾಯಲು ಶುರು ಮಾಡುತ್ತದೆ, ನೊರೆ ಏಳುತ್ತದೆ. ಹಾಗೇ ಬಿಟ್ಟರೆ ಸುಟ್ಟು ಇದ್ದಿಲಾಗುತ್ತದೆ. ಅದಕ್ಕೆ ಟ್ಯಾಂಕಿನ ಮೈಮೇಲೆ ನೀರು ಬಿಡಬೇಕು, ಪಂಪಿನಲ್ಲಿ ಕೆಳಗಿನದನ್ನು ಮೇಲಕ್ಕೆ ತಿರುಗಿಸುತ್ತಾ ಇರಬೇಕು. ಬೇಸಿಗೆ ರಾತ್ರಿ ಪಾಳಿಯಲ್ಲಿ ಥರ್ಮಾಮೀಟರ್ ನೋಡಿಕೊಂಡು ಕೂತದ್ದಕ್ಕೆ ಲೆಕ್ಕವಿಲ್ಲ.

ಬಾಂಬಿನ ವಿಷಯ. ಹೌದು, ಕಂಪನಿ ಹಾಗೇ ವಾದ ಮಾಡಿತು. ಯುನೈಟೆಡ್ ಸ್ಟೇಟ್ಸ್ ಇಂಡಸ್ಟ್ರಿಯಲ್ ಆಲ್ಕೋಹಾಲ್ ಅಂತ ಅದರ ಹೆಸರು. ಆ ಕಾಲದಲ್ಲಿ ಅರಾಜಕತಾವಾದಿಗಳು ಅಲ್ಲಲ್ಲಿ ಬಾಂಬ್ ಇಡುತ್ತಿದ್ದದ್ದು ನಿಜ, ಆ ಗುಂಪಿನಲ್ಲಿ ಇಟಲಿಯವರು ಇದ್ದದ್ದೂ ನಿಜ. ಅದಕ್ಕೇ ಸುಲಭವಾಗಿ ಅವರ ತಲೆಗೆ ಕಟ್ಟಲು ನೋಡಿದರು. ಸತ್ತವರ ಕೇರಿಯವರ ಮೇಲೇ ತಪ್ಪು ಹೊರಿಸೋದು! ನೂರಕ್ಕೂ ಹೆಚ್ಚು ಜನ ದಾವೆ ಹೂಡಿದರು. ಹ್ಯೂ ಆಗ್ಡೆನ್ ಅನ್ನುವ ವಕೀಲರನ್ನು ನ್ಯಾಯಾಲಯ ವಿಚಾರಣೆಗೆ ನೇಮಿಸಿತು. ವರ್ಷಗಟ್ಟಲೆ ಸಾಕ್ಷಿ ಕೇಳಿದರು. 1925ರಲ್ಲಿ ಅವರು, ಬಾಂಬೂ ಇಲ್ಲ ಏನೂ ಇಲ್ಲ, ಟ್ಯಾಂಕ್ ಕಟ್ಟಿದ್ದೇ ಸರಿ ಇರಲಿಲ್ಲ ಅಂದರು. ಕಂಪನಿ 6 ಲಕ್ಷ 28 ಸಾವಿರ ಡಾಲರ್ ಕೊಡಬೇಕಾಯಿತು. ಆಮೇಲೆ ಆ ರಾಜ್ಯದಲ್ಲಿ ಇಂಥ ಕಟ್ಟಡದ ನಕ್ಷೆಗೆ ಎಂಜಿನಿಯರ್ ರುಜು ಹಾಕಲೇಬೇಕು ಅಂತ ನಿಯಮ ಬಂತು.

ಇನ್ನೊಂದು. ಟ್ಯಾಂಕ್ ಒಡೆದ ಮಾರನೇ ದಿನವೇ, ಜನವರಿ 16ಕ್ಕೆ, ಅಮೆರಿಕದಲ್ಲಿ ಪಾನನಿಷೇಧದ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿತು. ಕಾಕಂಬಿ ಬೀದಿಯಲ್ಲಿ ಬಿದ್ದಿದೆ, ಸಾರಾಯಿಗೆ ಕಾನೂನಿನ ಬಾಗಿಲು ಮುಚ್ಚುತ್ತಿದೆ. ನಾವು ಕತೆ ಕಟ್ಟಿದರೂ ಇಷ್ಟು ಹೊಂದಿಸಲು ಆಗಲ್ಲ.

ಚಾರ್ಲ್ಸ್‌ದಂಡೆ ಬರೆದದ್ದು:

ನಾನು ಬಾಸ್ಟನ್ ಹತ್ತಿರ ಇರೋದು, ಊರು ಶಿವಮೊಗ್ಗ. ಆ ಜಾಗ ನೋಡಿದ್ದೇನೆ. ಈಗ ಅದು ಲ್ಯಾಂಗೋನ್ ಪಾರ್ಕ್ ಅಂತ ಮೈದಾನ. ಮಕ್ಕಳು ಬೇಸ್‌ಬಾಲ್ ಆಡುತ್ತಾರೆ, ವಯಸ್ಸಾದವರು ಬೊಚ್ಚೆ ಅಂತ ಗುಂಡು ಉರುಳಿಸುವ ಆಟ ಆಡುತ್ತಾರೆ. ಪಕ್ಕದಲ್ಲಿ ಸಮುದ್ರ. ಒಂದು ಚಿಕ್ಕ ಫಲಕ ಇದೆ, ಸುಮ್ನೆ ನಡೆದುಕೊಂಡು ಹೋದರೆ ಕಣ್ಣಿಗೂ ಬೀಳಲ್ಲ. ನನ್ನ ಮಗಳ ಆಟ ನೋಡಲು ಎರಡು ವರ್ಷ ಹೋದ ಮೇಲೆ ಒಂದು ದಿನ ಕಂಡಿತು.

2019ಕ್ಕೆ ನೂರು ವರ್ಷ ತುಂಬಿದಾಗ ಜನ ಸೇರಿ ಟ್ಯಾಂಕ್ ಇದ್ದ ಜಾಗದಲ್ಲೇ 90 ಅಡಿ ಅಗಲದ ವೃತ್ತವಾಗಿ ನಿಂತು 21 ಹೆಸರುಗಳನ್ನು ಓದಿದರು. ಟ್ಯಾಂಕಿನ ಕೆಳಗಿದ್ದ ಕಾಂಕ್ರೀಟ್ ಹಾಸು ಈಗಲೂ ಮೈದಾನದ ಮಣ್ಣಿನ ಅಡಿಯಲ್ಲಿದೆಯಂತೆ.

ಇಲ್ಲಿಯವರು ಹೇಳುವ ಎರಡು ವಿಷಯ ಸೇರಿಸುತ್ತೇನೆ. ಮೊದಲು ಓಡಿ ಬಂದು ಜನರನ್ನು ಎಳೆದವರು ಹತ್ತಿರದ ನಾಂಟಕೆಟ್ ಅನ್ನುವ ತರಬೇತಿ ಹಡಗಿನ ಹುಡುಗರು, ನೂರಕ್ಕೂ ಮೇಲೆ. ಸಿಹಿನೀರು ಹಾಯಿಸಿದರೂ ಕಾಕಂಬಿ ಜಗ್ಗಲಿಲ್ಲ ಅಂತ ಸಮುದ್ರದ ಉಪ್ಪುನೀರು ಪಂಪ್ ಮಾಡಿ, ಮರಳು ಹಾಕಿ ತೊಳೆದರು. ನೋಡಲು ಬಂದವರ ಬೂಟಿನಲ್ಲಿ ಅಂಟಿಕೊಂಡು ಕಾಕಂಬಿ ಊರೆಲ್ಲ ಸುತ್ತಿತು. ಟ್ರಾಮಿನ ಸೀಟು, ಟೆಲಿಫೋನ್, ಬಾಗಿಲ ಹಿಡಿ, ಎಲ್ಲಿ ಮುಟ್ಟಿದರೂ ಅಂಟು. ಕೊನೆಯ ಹೆಣ ಸಿಕ್ಕಿದ್ದು ತಿಂಗಳುಗಳ ಮೇಲೆ.

ಬೇಸಿಗೆಯಲ್ಲಿ ಈಗಲೂ ಸಿಹಿ ವಾಸನೆ ಬರುತ್ತೆ ಅಂತ ಹೇಳುವವರಿದ್ದಾರೆ. ನಾನು ಜುಲೈ ಬಿಸಿಲಿನಲ್ಲಿ ಬೇಕಂತಲೇ ಮೂಸಿ ನೋಡಿದ್ದೇನೆ. ಸಮುದ್ರದ ವಾಸನೆ, ಪಿಜ್ಜಾ ವಾಸನೆ, ಅಷ್ಟೇ.

ಮೂಲೆಅಂಗಡಿ ಬರೆದದ್ದು:

ಕಾಫಿಪುಡಿಯವರಿಗೆ ಸೇಡು ತೀರಿಸಿಕೊಳ್ಳಲು ಎರಡು ಕತೆ ಕೊಡುತ್ತೇನೆ. ಎರಡೂ ನಿಜ, ಎರಡನ್ನೂ ಯಾರೂ ನಂಬಲ್ಲ.

ಒಂದು, ಲಂಡನ್, 1814 ಅಕ್ಟೋಬರ್ 17. ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಹತ್ತಿರ ಹಾರ್ಸ್ ಶೂ ಅನ್ನುವ ಬಿಯರ್ ಕಾರ್ಖಾನೆ. 22 ಅಡಿ ಎತ್ತರದ ಮರದ ಪೀಪಾಯಿ ಒಡೆದು ಬಿಯರ್ ಹಿಂದಿನ ಕೇರಿಗೆ ನುಗ್ಗಿತು. ಎಂಟು ಜನ ಸತ್ತರು, ಎಲ್ಲರೂ ಹೆಂಗಸರು, ಮಕ್ಕಳು. ಒಂದು ನೆಲಮಾಳಿಗೆಯಲ್ಲಿ ಎರಡು ವರ್ಷದ ಮಗುವಿನ ಹೆಣ ಇಟ್ಟುಕೊಂಡು ಐರಿಷ್ ಜನ ಕೂತಿದ್ದರು. ಅಲ್ಲೇ ಐದು ಜನ ಹೋದರು, ಆ ಮಗುವಿನ ತಾಯಿಯೂ. ಜನ ಮಗ್ಗು ಹಿಡಿದು ಬಂದು ಬೀದಿಯಲ್ಲೇ ಕುಡಿದು ಸತ್ತರು ಅಂತ ಒಂದು ಮಾತು ಓಡಾಡುತ್ತದೆ. ಅದನ್ನು ನಂಬಬೇಡಿ, ಆ ದಿನಗಳ ಪತ್ರಿಕೆಗಳಲ್ಲಿ ಅಂಥದ್ದು ಇಲ್ಲ. ಆಮೇಲೆ ಯಾರೋ ಸೇರಿಸಿದ್ದು. ಬಡವರು ಸತ್ತರೆ ಕುಡುಕರು ಅನ್ನೋದು ಹಳೇ ಚಾಳಿ ಅಲ್ವಾ.

ಹಳೇಮಿಲ್ಲು ಸಾರ್, ನಿಮಗೆ ಇದು ಹಿಡಿಸಬಹುದು. ಒಡೆಯುವ ಒಂದು ಗಂಟೆ ಮೊದಲು ಆ ಪೀಪಾಯಿಯ ಕಬ್ಬಿಣದ ಬಳೆ ಒಂದು ಜಾರಿ ಬಿದ್ದಿತ್ತು. ಗುಮಾಸ್ತ ನೋಡಿದ. ವರ್ಷಕ್ಕೆ ಎರಡು ಮೂರು ಸಲ ಹಾಗೆ ಬೀಳೋದು ಮಾಮೂಲು, ಏನೂ ಆಗಲ್ಲ, ಆಮೇಲೆ ಸರಿ ಮಾಡಿಸೋಣ ಅಂದರು. ತೀರ್ಪು ಏನು ಬಂತು ಗೊತ್ತಾ? ಆಕಸ್ಮಿಕ, ದುರದೃಷ್ಟ. ಕಂಪನಿ ಯಾರಿಗೂ ಪರಿಹಾರ ಕೊಡಬೇಕಾಗಲಿಲ್ಲ. ಮೇಲಾಗಿ ಹರಿದುಹೋದ ಬಿಯರಿಗೆ ಕಟ್ಟಿದ್ದ ತೆರಿಗೆಯನ್ನು ಸರ್ಕಾರದಿಂದ ವಾಪಸ್ ಪಡೆಯಿತು.

ಎರಡು, ಡಬ್ಲಿನ್, 1875 ಜೂನ್ 18. ವಿಸ್ಕಿ ಗೋದಾಮಿಗೆ ಬೆಂಕಿ ಬಿತ್ತು. ಐದು ಸಾವಿರ ಪೀಪಾಯಿ. ಉರಿಯುವ ವಿಸ್ಕಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತು. ನೀರು ಹಾಕಿದರೆ ಬೆಂಕಿ ಇನ್ನೂ ಹರಡುತ್ತದೆ. ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಇಂಗ್ರಮ್ ತರಿಸಿದ್ದು ಏನು? ಕುದುರೆ ಲದ್ದಿ. ಗಾಡಿಗಟ್ಟಲೆ ಲದ್ದಿ ಸುರಿದು ಬೀದಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ಅದು ವಿಸ್ಕಿ ಹೀರಿಕೊಂಡು ಬೆಂಕಿ ನಿಂತಿತು. ಸತ್ತವರು 13 ಜನ. ಬೆಂಕಿಗೆ ಸಿಕ್ಕಿ ಒಬ್ಬರೂ ಸಾಯಲಿಲ್ಲ. ಎಲ್ಲರೂ ಹರಿಯುತ್ತಿದ್ದ ವಿಸ್ಕಿಯನ್ನು ಟೋಪಿಯಲ್ಲಿ, ಬೂಟಿನಲ್ಲಿ ಮೊಗೆದು ಕುಡಿದೇ ಸತ್ತವರು. ಲಂಡನ್ನಿನವರ ಮೇಲೆ ಸುಳ್ಳೇ ಹೊರಿಸಿದ್ದು ಡಬ್ಲಿನ್ನಿನಲ್ಲಿ ನಿಜವಾಗಿ ನಡೆದಿತ್ತು.

ಹಳೇಮಿಲ್ಲು ಬರೆದದ್ದು:

ಮೂಲೆಅಂಗಡಿಯವರೇ, ಆ ಬಳೆ ಬಿದ್ದ ವಿಷಯ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಾಮೂಲು ಅನ್ನುವ ಮಾತು ನಾನೂ ಎಷ್ಟು ಸಲ ಆಡಿದ್ದೇನೋ. ಆ ವಾಲ್ವ್ ಕಿತ್ತುಹೋಗುವ ಮೊದಲು ಒಂದು ವಾರದಿಂದ ಹನಿಕುತ್ತಿತ್ತು. ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೆ. ಬರೆದು ಸುಮ್ಮನಾಗಿದ್ದೆ. ಸೀಮೆಸುಣ್ಣದ ಮೇಸ್ತ್ರಿ ಆಗಲೇ ನಿವೃತ್ತಿ ಆಗಿದ್ದರು. ಇದ್ದಿದ್ದರೆ ಬಿಡುತ್ತಿರಲಿಲ್ಲ.

ಶಿವಮೊಗ್ಗದವರೇ, ವಾಸನೆ ಬರಲಿಲ್ಲ ಅಂದಿರಿ. ನೂರು ವರ್ಷಕ್ಕೆ ಹೋಗಿರಬಹುದು. ನನ್ನ ಖಾಕಿ ಸ್ವೆಟರ್ ಒಂದು ಟ್ರಂಕಿನಲ್ಲಿದೆ, ನಿವೃತ್ತಿ ಆಗಿ ಹನ್ನೆರಡು ವರ್ಷ ಆಯಿತು. ಮಳೆಗಾಲದಲ್ಲಿ ಟ್ರಂಕ್ ತೆಗೆದರೆ ನಮ್ಮ ಮನೆಯವರು ಈಗಲೂ ಮೂಗು ಮುಚ್ಚಿಕೊಳ್ಳುತ್ತಾರೆ.

ಕಾಫಿಪುಡಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಶುಕ್ರವಾರ, ಈಗತಾನೇ ಊಟ ಮುಗಿಸಿ ಬಂದೆ. ದೋಸೆ ಕೊಡಿಸಿದೆ. ಆಮೇಲೆ ನನ್ನ ಸರದಿ ಬಂತು, ಡಬ್ಲಿನ್ ಲದ್ದಿ ಕತೆ ಹೇಳಿದೆ. ಅಕೌಂಟ್ಸ್ ಸಾಹೇಬರು ಎರಡನೇ ಮಾತಿಲ್ಲದೆ ಬುರುಡೆ ಅಂದರು. ಹಾಗಾಗಿ ಲೆಕ್ಕ ಚುಕ್ತಾ, ಎಮು ದೋಸೆ ಒಂದು ಮಾತ್ರ ಬಾಕಿ.

ಹಳೇಮಿಲ್ಲು ಅಂಕಲ್, ಆರು ಇಂಚು ನೀರಿನ ವಿಷಯ ಹೇಳಿದಾಗ ಊಟದ ಟೇಬಲ್ಲಿನಲ್ಲಿ ಯಾರೂ ನಗಲಿಲ್ಲ.

ಹಳೇಮಿಲ್ಲು ಬರೆದದ್ದು:

ಒಳ್ಳೇದಾಯಿತಮ್ಮ. ಹೇಳುವಾಗ ಕಾಕಂಬಿ ಅಂದೆಯೋ ಪಾಕ ಅಂದೆಯೋ?

ಕಾಫಿಪುಡಿ ಬರೆದದ್ದು:

ಕಾಕಂಬಿ ಅಂತಲೇ ಹೇಳಿದೆ ಅಂಕಲ್. ಒಬ್ಬರಿಗೂ ಅರ್ಥ ಆಗಲಿಲ್ಲ. ಒಬ್ಬರು ಕೊತ್ತಂಬರಿನಾ ಅಂದರು. ಆಮೇಲೆ ಮೊಲ್ಯಾಸಿಸ್ ಅಂತ ಬಿಡಿಸಿ ಹೇಳಬೇಕಾಯಿತು.